ಸಂಪಾದಕರ ಉತ್ತರ: ಆ ತಲೆಬರಹ ನನ್ನದೇ

ಕಳೆದ ಸಂಚಿಕೆ ಓದಿ ಬಂದ ಪತ್ರಗಳಲ್ಲಿ ಒಂದಕ್ಕೆ ಎಂದಿನ ನಾಲ್ಕು ಸಾಲಿನ ಉತ್ತರ ಸಾಲದು ಅನ್ನಿಸಿತು. ಬರೆದವರು ಕಾಡು ಜೇನುನೊಣಗಳ ಮೇಲೆ ಪಿಎಚ್‌.ಡಿ. ಮುಗಿಸಿದ್ದಾರೆ. ಈಗ ಒಂದು ಅರ್ಥಶಾಸ್ತ್ರ ವಿಭಾಗದಲ್ಲಿ ಎರಡು ವರ್ಷದ ಪೋಸ್ಟ್‌ಡಾಕ್ (ಪಿಎಚ್‌.ಡಿ. ನಂತರದ ಸಂಶೋಧನಾ ಕೆಲಸ) ಸಿಕ್ಕಿದೆ. ವಿಷಯ: ಜೀವವೈವಿಧ್ಯ ಮತ್ತು ನಿಸರ್ಗದ ಸೇವೆಗಳ ಆರ್ಥಿಕ ಮೌಲ್ಯ. ಹೋಗಲೋ ಬೇಡವೋ ಎಂಬ ತಳಮಳ. ಪತ್ರದ ಮುಖ್ಯ ಭಾಗ ಇದು:

"'ಭೂಮಿಯ ಬೆಲೆ 33 ಲಕ್ಷ ಕೋಟಿ ಡಾಲರ್' ಎಂದು ದೊಡ್ಡದಾಗಿ ಹಾಕಿದ್ದೀರಿ. ಮಾರುವವರು ಯಾರು, ಕೊಳ್ಳುವವರು ಯಾರು? ನಾನು ಐದು ವರ್ಷ ಜೇನುನೊಣಗಳ ಹಿಂದೆ ಅಲೆದದ್ದು ಅವಕ್ಕೆ ಬೆಲೆಚೀಟಿ ಅಂಟಿಸಲು ಅಲ್ಲ. 'ಅಲ್ಲಿ ಹೋದರೆ ಲೆಕ್ಕ ಬರೆಯಲು ಕೂರಿಸುತ್ತಾರೆ ನೋಡು' ಅಂತ ನನ್ನ ಗೈಡ್ ಕೂಡ ಹೇಳುತ್ತಾರೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?"

ಪ್ರಿಯ ಓದುಗರೇ,

ಆ ತಲೆಬರಹ ಕೊಟ್ಟವನು ನಾನೇ. ಲೇಖಕರು ಸರಿಯಾಗಿಯೇ ಬರೆದಿದ್ದರು. ಪುಟ ಅಚ್ಚಿಗೆ ಹೋಗುವ ಹೊತ್ತು. ದೊಡ್ಡ ಸಂಖ್ಯೆ ಕಣ್ಣಿಗೆ ಬಿತ್ತು, ಎತ್ತಿ ಮೇಲಿಟ್ಟೆ. ಒಂದೇ ಸಾಲಿನಲ್ಲಿ ಎರಡು ತಪ್ಪು. 1997ರಲ್ಲಿ ರಾಬರ್ಟ್ ಕೊಸ್ಟಾಂಜಾ ಮತ್ತು 12 ಮಂದಿ ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಬರೆದದ್ದು ಭೂಮಿಯ ಬೆಲೆಯನ್ನಲ್ಲ. ನೀರನ್ನು ಹಿಡಿದಿಡುವುದು, ಮಣ್ಣು ಕೊಚ್ಚಿಹೋಗದಂತೆ ತಡೆಯುವುದು, ಪರಾಗಸ್ಪರ್ಶ, ಹೀಗೆ 17 ಬಗೆಯ ಸೇವೆಗಳಿಂದ ಒಂದು ವರ್ಷಕ್ಕೆ ಎಷ್ಟು ಪ್ರಯೋಜನ ಎಂಬ ಅಂದಾಜು ಅದು. ಅದೂ ಒಂದೇ ಅಂಕಿಯಲ್ಲ. 16ರಿಂದ 54 ಲಕ್ಷ ಕೋಟಿ ಡಾಲರ್ ನಡುವೆ ಎಲ್ಲಾದರೂ ಇರಬಹುದು, ಸರಾಸರಿ 33 ಅಂದಿದ್ದರು. ನಾನು ವರ್ಷದ ಬಾಡಿಗೆಯನ್ನು ಮನೆಯ ಬೆಲೆ ಅಂತ ಬರೆದುಬಿಟ್ಟೆ.

ಅದೇ ಲೇಖನದ ಪ್ರಕಾರ ಆಗ ಇಡೀ ಜಗತ್ತಿನ ವಾರ್ಷಿಕ ಉತ್ಪನ್ನ ಸುಮಾರು 18 ಲಕ್ಷ ಕೋಟಿ ಡಾಲರ್. ನಾವೆಲ್ಲ ಸೇರಿ ದುಡಿಯುವುದಕ್ಕಿಂತ ನಿಸರ್ಗ ಸುಮ್ಮನೆ ಕೊಡುವುದೇ ಜಾಸ್ತಿ ಎಂದಾಯಿತು. ಕೇಳಲು ಚೆನ್ನಾಗಿದೆ. ಆದರೆ ಅರ್ಥಶಾಸ್ತ್ರಜ್ಞರಲ್ಲಿ ಹಲವರು ತಕರಾರು ತೆಗೆದರು. ಒಂದು ವಸ್ತುವಿಗಾಗಿ ಜನ ಎಷ್ಟು ಬಿಟ್ಟುಕೊಡಲು ತಯಾರಿದ್ದಾರೋ ಅದೇ ಅದರ ಮೌಲ್ಯ ಎಂಬುದು ಅವರ ಲೆಕ್ಕ. ಕೈಯಲ್ಲಿರುವುದೇ 18, ಕೊಡುವುದು 33 ಹೇಗೆ? ಇದು ಅನಂತವನ್ನು ತೀರಾ ಕಡಿಮೆ ಅಂದಾಜು ಮಾಡಿದ ಹಾಗಿದೆ ಎಂದು ಮೈಕಲ್ ಟೋಮನ್ ಎಂಬ ಅರ್ಥಶಾಸ್ತ್ರಜ್ಞ ಚುಚ್ಚಿದರು. ಮಾತು ಸರಿಯೇ. ನೀರು, ಗಾಳಿ, ಮಣ್ಣು ಪೂರ್ತಿ ಹೋದರೆ ಲೆಕ್ಕ ಹಾಕಲು ಯಾರೂ ಉಳಿಯುವುದಿಲ್ಲವಲ್ಲ.

ಹಾಗಾಗಿ ನಿಮ್ಮ ಕೋಪ ನ್ಯಾಯವಾದದ್ದು. ಅದು ನನ್ನ ತಲೆಬರಹದ ಮೇಲಿರಲಿ, ಪೋಸ್ಟ್‌ಡಾಕ್ ಮೇಲೆ ಬೇಡ. ಈ ಕ್ಷೇತ್ರದಲ್ಲಿ ಒಳ್ಳೆಯ ಕೆಲಸ ಮಾಡುವವರು "ಒಟ್ಟು ಎಷ್ಟು" ಎಂದು ಕೇಳುವುದು ಕಡಿಮೆ. "ಇಷ್ಟು ಹೋದರೆ ಏನಾಗುತ್ತದೆ, ಯಾರಿಗೆ ಆಗುತ್ತದೆ" ಎಂದು ಕೇಳುತ್ತಾರೆ.

ಭಾರತದ ರಣಹದ್ದುಗಳ ಕಥೆಯ ಮೊದಲ ಭಾಗ ನಿಮಗೆ ಗೊತ್ತೇ ಇರುತ್ತದೆ. 1990ರ ದಶಕದಲ್ಲಿ ದನಗಳ ನೋವಿಗೆ ಡೈಕ್ಲೊಫೆನಾಕ್ ಕೊಡುವುದು ಶುರುವಾಯಿತು. ಸತ್ತ ದನದ ಮಾಂಸದಲ್ಲಿ ಉಳಿದ ಔಷಧ ಅದನ್ನು ತಿಂದ ಹದ್ದುಗಳ ಕಿಡ್ನಿ ಕೆಡಿಸಿತು. ಕೆಲವು ಜಾತಿಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಹಕ್ಕಿಗಳು ಇಲ್ಲವಾದವು. ಕಾರಣ ಪತ್ತೆಯಾದದ್ದು ಪ್ರಕಟವಾಗಿದ್ದು 2004ರಲ್ಲಿ, ಪಶುಗಳಿಗೆ ಆ ಔಷಧ ಕೊಡುವುದಕ್ಕೆ ನಿಷೇಧ ಬಂದದ್ದು 2006ರಲ್ಲಿ.

ಎರಡನೇ ಭಾಗ ಬಂದದ್ದು 2024ರಲ್ಲಿ, ಅರ್ಥಶಾಸ್ತ್ರದ ಪತ್ರಿಕೆಯೊಂದರಲ್ಲಿ. ಇಯಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಮಾಡಿದ್ದು ಸರಳವಾದ ಹೋಲಿಕೆ. ಮೊದಲಿನಿಂದ ಹದ್ದುಗಳಿಗೆ ಒಗ್ಗುವ ಜಿಲ್ಲೆಗಳು ಒಂದು ಕಡೆ, ಒಗ್ಗದ ಜಿಲ್ಲೆಗಳು ಇನ್ನೊಂದು ಕಡೆ. ಹದ್ದು ಅಳಿಯುವ ಮುಂಚೆ ಮತ್ತು ಆಮೇಲೆ ಎರಡೂ ಕಡೆ ಜನರ ಸಾವಿನ ಪ್ರಮಾಣ ಏನಾಯಿತು? ಹದ್ದುಗಳಿದ್ದ ಜಿಲ್ಲೆಗಳಲ್ಲಿ ಅದು ಶೇ. 4ಕ್ಕಿಂತ ಹೆಚ್ಚು ಏರಿತ್ತು. ದನದ ಹೆಣಗಳು ಬಯಲಲ್ಲೇ ಕೊಳೆತವು, ನೀರು ಕೆಟ್ಟಿತು, ನಾಯಿಗಳು ಹೆಚ್ಚಿದವು, ಜೊತೆಗೆ ರೇಬಿಸ್. 2000ದಿಂದ 2005ರವರೆಗೆ ಸುಮಾರು 5 ಲಕ್ಷ ಹೆಚ್ಚುವರಿ ಸಾವು, ವರ್ಷಕ್ಕೆ ಸುಮಾರು 6,940 ಕೋಟಿ ಡಾಲರ್ ನಷ್ಟ ಎಂದು ಅವರ ಅಂದಾಜು.

ಇದನ್ನು ಹದ್ದಿನ ಬೆಲೆ ಅನ್ನಲಾಗದು. ಅದು ಇಲ್ಲದಿದ್ದುದಕ್ಕೆ ತೆತ್ತ ದಂಡ. ಇನ್ನೊಂದು ಮಾತು, ನಿಮ್ಮ ಗೈಡ್‌ಗೂ ಹೇಳಿ. ಯಾವ ಜಿಲ್ಲೆ ಹದ್ದಿಗೆ ಒಗ್ಗುತ್ತಿತ್ತು ಎಂಬ ನಕ್ಷೆ ಇರದಿದ್ದರೆ ಈ ಲೆಕ್ಕ ಒಂದು ಹೆಜ್ಜೆಯೂ ಮುಂದೆ ಹೋಗುತ್ತಿರಲಿಲ್ಲ. ಆ ನಕ್ಷೆಗೆ ಬೇಕಾದದ್ದು ನಿಮ್ಮಂಥವರು ಹೊಲ, ಕಾಡು ಅಲೆದು ಕೂಡಿಟ್ಟ ಮಾಹಿತಿ. ಲೆಕ್ಕ ಬರೆಯಲು ಕೂರಿಸುತ್ತಾರೆ ಎನ್ನುವುದಾದರೆ, ಯಾವುದನ್ನು ಎಣಿಸಬೇಕು ಎಂದು ತಿಳಿದವರು ಅಲ್ಲಿ ಕೂರುವುದೇ ಒಳ್ಳೆಯದು, ಅಲ್ವಾ?

ಇನ್ನು ನಿಮ್ಮ ಜೇನುನೊಣಗಳಿಗೆ ಬರೋಣ. ಇಲ್ಲಿ ನಿಮ್ಮ ಅನುಮಾನ ನನ್ನದೂ ಹೌದು.

2004ರಲ್ಲಿ ಕೋಸ್ಟರಿಕಾದ ಒಂದು ಕಾಫಿ ತೋಟದ ಬಗ್ಗೆ ಹೆಸರಾದ ಅಧ್ಯಯನ ಬಂತು. ಕಾಡಿನಿಂದ ಸುಮಾರು 1 ಕಿಲೋಮೀಟರ್ ಒಳಗಿದ್ದ ಗಿಡಗಳಲ್ಲಿ ಇಳುವರಿ ಶೇ. 20ರಷ್ಟು ಹೆಚ್ಚು. ಕಾಡಿನಿಂದ ಬರುವ ಜೇನುನೊಣಗಳೇ ಕಾರಣ. ಪಕ್ಕದ ಎರಡು ಕಾಡಿನ ತುಂಡುಗಳು ಆ ಒಂದು ತೋಟಕ್ಕೆ ವರ್ಷಕ್ಕೆ ಸುಮಾರು 60,000 ಡಾಲರ್ ಗಳಿಸಿಕೊಡುತ್ತಿದ್ದವು. ಸಂರಕ್ಷಣೆಯವರು ಈ ಅಂಕಿಯನ್ನು ಹೋದಲ್ಲೆಲ್ಲ ಹೇಳಿದರು. ಆಮೇಲೆ ಏನಾಯಿತು? ಕಾಫಿಯ ದರ ಬಿತ್ತು. ತೋಟದವರು ಕಾಫಿ ಕಿತ್ತು ಅನಾನಸ್ ಹಾಕಿದರು. ಅನಾನಸ್‌ಗೆ ಪರಾಗಸ್ಪರ್ಶ ಬೇಕಿಲ್ಲ. ಕಾಡು ಅದೇ, ನೊಣಗಳೂ ಅವೇ. ಮೌಲ್ಯ ಮಾತ್ರ ಸೊನ್ನೆ. ಡಗ್ಲಸ್ ಮೆಕಾಲಿ ಎಂಬ ಜೀವವಿಜ್ಞಾನಿ 2006ರಲ್ಲಿ ಇದನ್ನು ಎತ್ತಿ ತೋರಿಸಿದರು.

ಇನ್ನೊಂದು ಅಧ್ಯಯನವನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. 2015ರದ್ದು. ಬೆಳೆಗಳಿಗೆ ಕಾಡು ಜೇನುನೊಣಗಳು ಮಾಡುವ ಪರಾಗಸ್ಪರ್ಶದಲ್ಲಿ ಹತ್ತಿರ ಹತ್ತಿರ ಶೇ. 80 ಭಾಗವನ್ನು ಶೇ. 2ರಷ್ಟು ಜಾತಿಗಳೇ ಮುಗಿಸುತ್ತವಂತೆ. ಅವೂ ಎಲ್ಲೆಡೆ ಸಿಗುವ ಸಾಮಾನ್ಯ ಜಾತಿಗಳು. ಹಾಗಾದರೆ ಅಪರೂಪದವು ಲೆಕ್ಕಕ್ಕಿಲ್ಲವೇ? ಬರೀ ಸೇವೆಯ ಲೆಕ್ಕ ನೋಡಿದರೆ ಇಲ್ಲ.

ನಿಮಗೆ ಸಿಕ್ಕ ವಿಷಯದಲ್ಲಿ "ಜೀವವೈವಿಧ್ಯ ಮತ್ತು ನಿಸರ್ಗದ ಸೇವೆ" ಎಂದಿದೆ. ಆ "ಮತ್ತು" ದೊಡ್ಡ ಜಗಳವೊಂದನ್ನು ಮುಚ್ಚಿಟ್ಟಿದೆ. ಒಂದೇ ಜಾತಿಯ ಮರ ನೆಟ್ಟ ನೆಡುತೋಪೂ ಇಂಗಾಲ ಹಿಡಿದಿಡುತ್ತದೆ. ಅದೂ ಸೇವೆಯೇ, ಅಲ್ಲಿ ವೈವಿಧ್ಯ ಎಲ್ಲಿದೆ? ವೈವಿಧ್ಯದ ಪರವಾಗಿ ಅರ್ಥಶಾಸ್ತ್ರದಲ್ಲಿ ನನಗೆ ಗಟ್ಟಿ ಅನ್ನಿಸುವ ವಾದ ಒಂದೇ, ವಿಮೆಯದ್ದು. ಈ ವರ್ಷ ದುಡಿಯುವ ನೊಣ ಬಿಸಿಲು ಜಾಸ್ತಿಯಾದ ಮುಂದಿನ ವರ್ಷ ದುಡಿಯದೇ ಇರಬಹುದು. ಆಗ ಇಂದು ಲೆಕ್ಕಕ್ಕಿಲ್ಲದ್ದು ಕೆಲಸಕ್ಕೆ ಬರುತ್ತದೆ. ಆದರೆ ಹೀಗೆ ಬಾಯಲ್ಲಿ ಹೇಳುವುದು ಸುಲಭ. ಎಷ್ಟು ಜಾತಿಗಳಿದ್ದರೆ ಎಷ್ಟು ಏರುಪೇರು ಕಡಿಮೆಯಾಗುತ್ತದೆ ಎಂದು ವರ್ಷ ವರ್ಷದ ಎಣಿಕೆಯಿಂದ ತೋರಿಸಬೇಕು. ಐದು ವರ್ಷದ ಎಣಿಕೆ ನಿಮ್ಮ ಹತ್ತಿರ ಇದೆ. ಸೇರಿದರೆ ಅದರ ಮೇಲೆಯೇ ಕೂತುಬಿಡಿ ಎನ್ನುತ್ತೇನೆ.

ಜನರನ್ನೇ ಕೇಳಿ ಮೌಲ್ಯ ತಿಳಿಯುವ ಸಮೀಕ್ಷೆಗಳ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಎಣ್ಣೆ ಹೊಂಡಗಳಲ್ಲಿ ಬಿದ್ದು ಸಾಯುವ ಹಕ್ಕಿಗಳನ್ನು ಉಳಿಸಲು ಎಷ್ಟು ಕೊಡುತ್ತೀರಿ ಎಂದು ಅಮೆರಿಕದಲ್ಲಿ ಒಮ್ಮೆ ಕೇಳಿದರು. 2,000 ಹಕ್ಕಿ ಅಂದಾಗ ಸರಾಸರಿ 80 ಡಾಲರ್. 20,000 ಅಂದಾಗ 78. ಎರಡು ಲಕ್ಷ ಅಂದಾಗ 88! ಹಾಗಂತ ಕೇಳುವುದನ್ನೇ ಬಿಟ್ಟರೆ? 1989ರಲ್ಲಿ ಎಕ್ಸಾನ್ ವಾಲ್ಡೆಜ್ ಹಡಗಿನ ಎಣ್ಣೆ ಅಲಾಸ್ಕಾದ ಸಮುದ್ರಕ್ಕೆ ಚೆಲ್ಲಿತು. ಆ ತೀರವನ್ನು ಎಂದೂ ಕಾಣದ ಜನರಿಗೂ ಅದರಿಂದ ನಷ್ಟವಾಗಿದೆ ಎಂದು ತೋರಿಸಲು ಸಮೀಕ್ಷೆ ಬಿಟ್ಟು ಬೇರೆ ದಾರಿ ಇರಲಿಲ್ಲ. ಬಂದ ಅಂದಾಜು 280 ಕೋಟಿ ಡಾಲರ್. ಈ ವಿಧಾನ ನಂಬಬಹುದೇ ಎಂದು ನೋಡಲು ಕೆನೆತ್ ಆರೋ, ರಾಬರ್ಟ್ ಸೊಲೊ ಎಂಬ ಇಬ್ಬರು ನೊಬೆಲ್ ವಿಜೇತರ ಮುಂದಾಳತ್ವದಲ್ಲಿ ಸಮಿತಿ ಕೂತಿತು. ಕಟ್ಟುನಿಟ್ಟಾಗಿ ಮಾಡಿದರೆ ನ್ಯಾಯಾಲಯದ ಚರ್ಚೆಗೆ ಆರಂಭ ಆಗಬಹುದು ಎಂದು 1993ರಲ್ಲಿ ಹೇಳಿತು. ಜೊತೆಗೆ ಷರತ್ತುಗಳ ಉದ್ದನೆಯ ಪಟ್ಟಿ.

ನನಗೆ ಇದಕ್ಕಿಂತ ಕಸಿವಿಸಿ ಆಗುವುದು ಬೇರೆಯದಕ್ಕೆ. "ಎಷ್ಟು ಕೊಡುತ್ತೀರಿ" ಎಂದು ಕೇಳಿದರೆ ಇರುವವರು ಜಾಸ್ತಿ ಹೇಳುತ್ತಾರೆ, ಇಲ್ಲದವರು ಕಡಿಮೆ. ಆಗ ಕಾಡನ್ನೇ ನಂಬಿ ಬದುಕುವವರ ಕಾಡು ಅಗ್ಗವಾಗಿ ಕಾಣುತ್ತದೆ, ದೂರದಿಂದ ನೋಡಲು ಬರುವವರ ಕಾಡು ದುಬಾರಿಯಾಗುತ್ತದೆ. ಇದು ಲೆಕ್ಕದ ಸಣ್ಣ ದೋಷ ಅಲ್ಲ. ಮುಂದೆ ಸಿಗುವ ಪ್ರಯೋಜನವನ್ನು ಇಂದಿನ ಬೆಲೆಗೆ ಇಳಿಸುವ ಬಡ್ಡಿದರದ ಆಟವೂ ಹೀಗೆಯೇ. 50 ವರ್ಷದ ಮೇಲೆ ಬರುವ 100 ಡಾಲರ್ ಪ್ರಯೋಜನ ಶೇ. 3ರ ದರದಲ್ಲಿ ಇಂದಿಗೆ ಸುಮಾರು 23 ಡಾಲರ್. ಶೇ. 7 ಹಿಡಿದರೆ 3 ಚಿಲ್ಲರೆ. ಯಾವ ದರ ಹಿಡಿಯಬೇಕು ಎಂದು ನೊಣವನ್ನಾಗಲಿ, ಮುಂದೆ ಹುಟ್ಟುವವರನ್ನಾಗಲಿ ಯಾರೂ ಕೇಳುವುದಿಲ್ಲ.

ನೀವಾಗಿದ್ದರೆ ಎಂದು ಕೇಳಿದ್ದೀರಿ. ನಾನು ಹೋಗುತ್ತಿದ್ದೆ. ಒಪ್ಪಿಗೆ ಪತ್ರ ಕಳಿಸುವ ಮುಂಚೆ ಅಲ್ಲಿನ ಗೈಡ್ ಜೊತೆ ಒಮ್ಮೆ ಕೂತು ಮಾತಾಡುತ್ತಿದ್ದೆ. ನಾವು ತೆಗೆಯುವ ಸಂಖ್ಯೆಯನ್ನು ಯಾರು, ಯಾವ ತೀರ್ಮಾನಕ್ಕೆ ಬಳಸುತ್ತಾರೆ ಎಂದು ಕೇಳುತ್ತಿದ್ದೆ. ನ್ಯೂಯಾರ್ಕ್ ನಗರ 1997ರಲ್ಲಿ ತನ್ನ ಕುಡಿಯುವ ನೀರು ಹುಟ್ಟುವ ಕ್ಯಾಟ್‌ಸ್ಕಿಲ್ ಬೆಟ್ಟಗಳನ್ನು ಕಾಯಲು ಒಪ್ಪಂದ ಮಾಡಿಕೊಂಡಾಗ ಯಾರೂ ಬೆಟ್ಟಕ್ಕೆ ಬೆಲೆ ಕಟ್ಟಲಿಲ್ಲ. ನೀರು ಸೋಸುವ ಸ್ಥಾವರಕ್ಕೆ 600ರಿಂದ 800 ಕೋಟಿ ಡಾಲರ್, ಬೆಟ್ಟ ಕಾಯಲು ಸುಮಾರು 150 ಕೋಟಿ. ಎರಡು ಖರ್ಚನ್ನು ಪಕ್ಕಪಕ್ಕ ಇಟ್ಟು ನೋಡಿದರು, ಅಷ್ಟೇ. ಅಲ್ಲಿನ ಗೈಡ್ ಬಳಿ ಇಂಥದೊಂದು ತೀರ್ಮಾನ ಇದ್ದರೆ ಎರಡು ವರ್ಷ ದಂಡವಾಗುವುದಿಲ್ಲ. "ಮೊದಲು ಪೇಪರ್ ಬರಲಿ, ಆಮೇಲೆ ನೋಡೋಣ" ಎಂದರೆ ಸ್ವಲ್ಪ ಯೋಚಿಸಿ. ಸಂಶೋಧನೆಗೆ ಹಣ ಎಲ್ಲಿಂದ ಎಂದು ಕೇಳಲು ಸಂಕೋಚ ಬೇಡ. ಸಂಶೋಧನೆಯಲ್ಲಿ ಬಂದ ಉತ್ತರ ಹಣ ಕೊಟ್ಟವರಿಗೆ ಇಷ್ಟವಾಗದಿದ್ದರೂ ಪ್ರಕಟಿಸಬಹುದೇ ಎಂಬುದನ್ನೂ ಕೇಳಿ, ಬರಹದಲ್ಲೇ ಪಡೆಯಿರಿ.

ತಲೆಬರಹದ ತಿದ್ದುಪಡಿಯನ್ನು ಇದೇ ಪುಟದ ಕೆಳಗೆ ಹಾಕಿದ್ದೇವೆ, ಸಣ್ಣ ಅಕ್ಷರದಲ್ಲಿ ಅಲ್ಲ. ಸೇರಿದರೆ ವರ್ಷದ ನಂತರ ನಮಗೊಂದು ಲೇಖನ ಬರೆದು ಕಳಿಸಿ. ತಲೆಬರಹವನ್ನೂ ನೀವೇ ಕೊಡಿ. ನಾನು ಕೈ ಹಾಕುವುದಿಲ್ಲ.

ಸಂಪಾದಕ