ಶಿರಸಿ ಕಡೆಯ ಹಳ್ಳಿ ಶಾಲೆ: ಆನ್‌ಲೈನ್ ಪಾಠದಿಂದ ಯಾವ ಮಗು ಜಾರುತ್ತಿದೆ ಎಂದು ತಿಳಿಯುವುದು ಹೇಗೆ?

ವಾಟ್ಸ್‌ಆ್ಯಪ್‌ನ ನೀಲಿ ಟಿಕ್ ನಂಬಬೇಡಿ, ನೋಡಿದ್ದು ಅಪ್ಪನಿರಬಹುದು. ಹೋಂವರ್ಕ್ ಫೋಟೊ ಗಟ್ಟಿ ಸಾಕ್ಷಿ. ರಿಜಿಸ್ಟರಿನಲ್ಲಿ ಪ್ರತಿ ಹೆಸರಿನ ಮುಂದೆ ಮೂರೇ ಕಾಲಂ ಸಾಕು: ಮನೆಯಲ್ಲಿ ಫೋನ್ ಸಿಗುವ ಹೊತ್ತು, ಈ ವಾರ ಬಂದ ಹೋಂವರ್ಕ್, ಮಗುವಿನ ಜೊತೆಗೇ ಮಾತಾಡಿದ ಕೊನೆಯ ದಿನ. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದ್ದಾಗ ರಾಜ್ಯ ಸರ್ಕಾರ ನಡೆಸಿದ ವಿದ್ಯಾಗಮ ಕಾರ್ಯಕ್ರಮದಲ್ಲೂ ಮಕ್ಕಳನ್ನು ಮೊದಲು ವಿಂಗಡಿಸಿದ್ದು ಮನೆಯಲ್ಲಿ ಎಂಥ ಫೋನ್ ಇದೆ, ಇಲ್ಲ ಎಂಬ ಲೆಕ್ಕದಲ್ಲೇ.

ಮೂರು ದಿನ ಏನೂ ಬರದಿದ್ದರೆ ಸಂಜೆ 7ರ ಮೇಲೆ ಕರೆ ಮಾಡಿ. ಹಗಲು ಫೋನ್ ಅಪ್ಪನ ಜೊತೆ ತೋಟದಲ್ಲಿರುತ್ತದೆ. ‘ಯಾಕೆ ಬರಲಿಲ್ಲ’ ಅಂದರೆ ಮಗು ಬಾಯಿ ಮುಚ್ಚುತ್ತದೆ. ‘ತಮಾ, ಭಾಗಾಕಾರ ಎಲ್ಲಿ ನಿಂತಿತು?’ ಅನ್ನಿ.

ಆಷಾಢದ ಮಳೆಗೆ ಕರೆಂಟು ಹೋದರೆ ಟವರೂ ಮಲಗುತ್ತದೆ. ಅದನ್ನು ಗೈರುಹಾಜರಿ ಎಂದು ಬರೆದರೆ ಲೆಕ್ಕವೇ ಸುಳ್ಳಾಗುತ್ತದೆ; ‘ನೆಟ್‌ವರ್ಕ್ ಇಲ್ಲ’ ಎಂದು ಬೇರೆ ಗುರುತು ಹಾಕಿ. ಅಂಥ ಮನೆಗಳ ವರ್ಕ್‌ಶೀಟನ್ನು ಹಾಲಿನ ಡೇರಿಯಲ್ಲಿ ಇಟ್ಟುಬಿಡಿ, ಬೆಳಿಗ್ಗೆ ಯಾರಾದರೂ ಬಂದೇ ಬರುತ್ತಾರೆ.