ಓದುಗರ ಪ್ರಶ್ನೆ: ಅತಿಥಿ ಎದ್ದುಹೋದ ಮೇಲೂ ಓಡಿದ ಟೇಪು

ಪ್ರಶ್ನೆ: ಅಮೆರಿಕದ ಅಧ್ಯಕ್ಷ ನಿಕ್ಸನ್ ಆಟಗಾರರನ್ನು ಹೊಗಳಿ ಮಾತನಾಡಿದ್ದರು, ಆಪ್ತರೆದುರು ಮಾತ್ರ ಬಾಯಿಗೆ ಬಂದಂತೆ ಬೈಯುತ್ತಿದ್ದರು, ಆ ಬೈಗುಳ ಟೇಪುಗಳಲ್ಲಿ ಉಳಿದಿದೆ ಎಂದು ನನ್ನ ಮಗ ಹೇಳುತ್ತಾನೆ. ರೆಕಾರ್ಡಿಂಗ್ ನಡೆಯುತ್ತಿದೆಯೆಂದು ಗೊತ್ತಿದ್ದೂ ಅವರು ಹಾಗೇಕೆ ಮಾತನಾಡಿದರು?
– ನಿವೃತ್ತ ಶಿಕ್ಷಕಿ, ಒಂಟಿಕೊಪ್ಪಲು, ಮೈಸೂರು

ಉತ್ತರ: ಗೊತ್ತಿದ್ದದ್ದು ಬಹುಮಟ್ಟಿಗೆ ಅವರೊಬ್ಬರಿಗೇ ಎಂಬುದನ್ನು ಮೊದಲು ಗಮನಿಸಬೇಕು. 1971ರ ಫೆಬ್ರವರಿಯಲ್ಲಿ ಶ್ವೇತಭವನದ ಓವಲ್ ಆಫೀಸಿನಲ್ಲಿ, ಅಧ್ಯಕ್ಷರ ಅಂಗರಕ್ಷಣೆಯ ಹೊಣೆ ಹೊತ್ತ ಸೀಕ್ರೆಟ್ ಸರ್ವಿಸ್‌ನವರು ಮೈಕುಗಳನ್ನು ಅಡಗಿಸಿಟ್ಟರು. ಕೆಲವು ಅಧ್ಯಕ್ಷರ ಮೇಜಿನಲ್ಲೇ ಹುದುಗಿದ್ದವು. ಮುಂದೆ ದೂರವಾಣಿಗಳಿಗೂ ಅದೇ ವ್ಯವಸ್ಥೆಯಾಯಿತು. ವಿಷಯ ತಿಳಿದಿದ್ದವರು ಶ್ವೇತಭವನದ ಸಿಬ್ಬಂದಿ ಮುಖ್ಯಸ್ಥ ಹಾಲ್ಡಮನ್, ಅವರ ಸಹಾಯಕ ಬಟರ್‌ಫೀಲ್ಡ್ ಮುಂತಾದ ಬೆರಳೆಣಿಕೆಯ ಮಂದಿ. ದಿನವೂ ಎದುರು ಕುಳಿತು ಲೋಕದ ಯುದ್ಧಗಳನ್ನು ಚರ್ಚಿಸುತ್ತಿದ್ದ ರಾಷ್ಟ್ರೀಯ ಭದ್ರತಾ ಸಲಹೆಗಾರ ಕಿಸಿಂಜರ್ ಅವರಿಗೂ ಆಗ ಇದರ ಸುಳಿವಿರಲಿಲ್ಲ.

ಇನ್ನು, ತಿಳಿದೂ ಏಕೆ ಎಂಬ ನಿಮ್ಮ ಪ್ರಶ್ನೆಗೆ ನನಗೆ ತೋಚುವ ಉತ್ತರ ಸ್ವಿಚ್ಚಿನಲ್ಲಿದೆ. ನಿಕ್ಸನ್‌ಗಿಂತ ಮುಂಚೆ ಅಧ್ಯಕ್ಷರಾಗಿದ್ದ ಕೆನಡಿಯವರೂ ಜಾನ್ಸನ್ನರೂ ಮಾತುಗಳನ್ನು ಗುಟ್ಟಾಗಿ ರೆಕಾರ್ಡ್ ಮಾಡಿದವರೇ. ಆದರೆ ಕೆನಡಿ ಅದಕ್ಕಾಗಿ ಸ್ವಿಚ್ಚನ್ನು ಒತ್ತಬೇಕಿತ್ತು, ಅಂದರೆ ಯಾವ ಮಾತು ಉಳಿಯಬೇಕೆಂದು ಪ್ರತಿಸಲವೂ ಆಲೋಚಿಸಬೇಕಿತ್ತು. ನಿಕ್ಸನ್ನರ ಕೋಣೆಯಲ್ಲಿ ಅಂಥ ಪ್ರಮೇಯವೇ ಇರಲಿಲ್ಲ. ಅಧ್ಯಕ್ಷರು ಒಳಗಿದ್ದು ಏನಾದರೂ ಸದ್ದಾದರೆ ಸಾಕು, ಟೇಪು ತಾನಾಗಿಯೇ ತಿರುಗತೊಡಗುತ್ತಿತ್ತು. ಕೈಯಿಂದ ಮಾಡಬೇಕಾದ ಕೆಲಸ ಇಲ್ಲವಾದಾಗ ಅದರ ನೆನಪೂ ಮಸುಕಾಗುತ್ತದೆ. ಮನೆಯಲ್ಲಿ ಗೋಡೆ ಗಡಿಯಾರದ ಟಿಕ್ ಟಿಕ್ ಸದ್ದು ನಮಗೆ ಕೇಳಿಸದೆ, ಬಂದ ನೆಂಟರಿಗೆ ಮಾತ್ರ ಕೇಳಿಸುವುದಿಲ್ಲವೇ? ಜೊತೆಗೆ, ಟೇಪುಗಳು ತಮ್ಮ ಸ್ವಂತ ಸೊತ್ತು, ಮುಂದೆ ಆತ್ಮಕಥೆ ಬರೆಯುವಾಗ ತಮಗೆ ಬೇಕಾದಷ್ಟನ್ನು ಮಾತ್ರ ಹೊರಗೆ ತೆಗೆಯಬಹುದು ಎಂಬ ಭರವಸೆಯೂ ಅವರಿಗಿತ್ತು. 1973ರ ಜುಲೈ 16ರಂದು ಬಟರ್‌ಫೀಲ್ಡ್, ವಾಟರ್‌ಗೇಟ್ ಹಗರಣದ (ಎದುರಾಳಿ ಪಕ್ಷದ ಕಚೇರಿಗೆ ನಿಕ್ಸನ್ ಕಡೆಯವರು ಕಳ್ಳತನದಿಂದ ನುಗ್ಗಿದ ಪ್ರಕರಣ) ವಿಚಾರಣೆ ನಡೆಸುತ್ತಿದ್ದ ಸೆನೆಟ್ ಸಮಿತಿಯ ಮುಂದೆ ಈ ಗುಟ್ಟನ್ನು ಬಹಿರಂಗವಾಗಿ ಒಪ್ಪಿಕೊಂಡಾಗ ಆ ಭರವಸೆ ಕುಸಿಯಿತು. ಅಷ್ಟರೊಳಗೆ ಸುಮಾರು 3,700 ಗಂಟೆಗಳ ಮಾತು ಟೇಪಿಗೆ ಸೇರಿತ್ತು.

ಪ್ರಶ್ನೆ: ಆಟಗಾರರೊಂದಿಗೆ ನಯವಾಗಿ ಮಾತನಾಡಿದ ನಿಕ್ಸನ್ ನಿಜವೋ, ಆಪ್ತರ ಮುಂದೆ ಬೈದ ನಿಕ್ಸನ್ ನಿಜವೋ?
– ಓದುಗರೊಬ್ಬರು, ಮಂಡ್ಯ

ಉತ್ತರ: ಬೈಗುಳವೇ ನಿಜ, ನಯವೆಲ್ಲ ಸೋಗು ಎಂದು ತೀರ್ಪು ಕೊಡಲು ಯಾರಿಗಾದರೂ ಆಸೆಯಾಗುತ್ತದೆ, ನಾನು ಅದನ್ನು ಅಷ್ಟು ಸಲೀಸಾಗಿ ಒಪ್ಪಲಾರೆ. ನಿಕ್ಸನ್‌ಗೆ ಆಟದ ಹುಚ್ಚು ನಿಜವಾಗಿಯೂ ಇತ್ತು. ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ಹೆಚ್ಚಿನ ಪಾಲು ಬೆಂಚಿನ ಮೇಲೆಯೇ ಕುಳಿತು ಕಾಲ ಕಳೆದವರು ಅವರು. ಬಹುಶಃ ಅದೇ ಕಾರಣಕ್ಕೆ, ಅಧ್ಯಕ್ಷರಾದ ಮೇಲೆ ತರಬೇತುದಾರರಿಗೆ ಫೋನ್ ಮಾಡಿ ಯಾವ ತಂತ್ರ ಹೂಡಬೇಕೆಂದು ಸಲಹೆ ಕೊಡುವ ಚಪಲ ಅವರನ್ನು ಬಿಡಲಿಲ್ಲ. 1972ರ ಜನವರಿಯ ಸೂಪರ್ ಬೌಲ್, ಅಂದರೆ ಅಮೆರಿಕನ್ ಫುಟ್‌ಬಾಲಿನ ಅಂತಿಮ ಪಂದ್ಯಕ್ಕೆ ಮೊದಲು ಮಯಾಮಿ ತಂಡದ ತರಬೇತುದಾರ ಡಾನ್ ಶೂಲಾ ಅವರಿಗೆ ಹೀಗೆಯೇ ಒಂದು ಪಾಸ್ ಸೂಚಿಸಿದರು. ಆ ತಂಡ ಡಲ್ಲಾಸ್ ಎದುರು 24–3ರಿಂದ ಸೋತಿತು. ಟೆನಿಸ್ ಆಟಗಾರ್ತಿ ಬಿಲ್ಲಿ ಜೀನ್ ಕಿಂಗ್ ಒಂದೇ ವರ್ಷದಲ್ಲಿ 1,00,000 ಡಾಲರ್ ಬಹುಮಾನದ ಗಡಿ ದಾಟಿದಾಗ, ಅಂದರೆ 1971ರಲ್ಲಿ, ಅಭಿನಂದಿಸಲು ಸ್ವತಃ ಫೋನ್ ಮಾಡಿದವರೂ ನಿಕ್ಸನ್ನರೇ.

ಇಂಥ ಕರೆಗಳಲ್ಲಿ ಸಂತೋಷವೂ ಉಂಟು, ಲೆಕ್ಕಾಚಾರವೂ ಉಂಟು. ಹೆಸರಾಂತ ಆಟಗಾರರ ಜೊತೆಗಿನ ಒಂದು ಫೋಟೋ ಎಷ್ಟು ಮತಗಳಿಗೆ ಸಮ ಎಂಬುದು ಅಧಿಕಾರದಲ್ಲಿರುವವರಿಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ. ಆದ್ದರಿಂದ ನಾನು ಹೆಚ್ಚು ಗಮನವಿಟ್ಟು ಕೇಳುವುದು ಅತಿಥಿಯೊಂದಿಗಿನ ಮಾತನ್ನಲ್ಲ, ಬಾಗಿಲು ಮುಚ್ಚಿದ ಮೇಲಿನ ಮಾತನ್ನು. ನಮ್ಮವರಿಗೆ ಚೆನ್ನಾಗಿ ಗೊತ್ತಿರುವ ನಿದರ್ಶನವನ್ನೇ ನೋಡಿ: 1971ರ ನವೆಂಬರ್ 4ರಂದು ಇಂದಿರಾ ಗಾಂಧಿಯವರನ್ನು ಮರ್ಯಾದೆಯಿಂದ ಬರಮಾಡಿಕೊಂಡು ಮಾತುಕತೆ ನಡೆಸಿದ ಅಧ್ಯಕ್ಷರು, ಮರುದಿನ ಬೆಳಿಗ್ಗೆ ಕಿಸಿಂಜರ್ ಮತ್ತು ಹಾಲ್ಡಮನ್ ಜೊತೆ ಕುಳಿತಾಗ ಅದೇ ಅತಿಥಿಯನ್ನು ‘ಮುದಿ ಮಾಟಗಾತಿ’ ಎಂಬರ್ಥದ ಮಾತಿನಿಂದ ಜರಿದರು. ಆಕೆಯೊಂದಿಗಿನ ಎರಡನೆಯ ಸುತ್ತಿನ ಮಾತುಕತೆ ಅದೇ ದಿನ ಇನ್ನೂ ಬಾಕಿ ಇತ್ತು! ಆ ಸಂಭಾಷಣೆ 2005ರಲ್ಲಿ ಪ್ರಕಟವಾದಾಗ ಕಿಸಿಂಜರ್ ತಮ್ಮ ಮಾತುಗಳಿಗೆ ವಿಷಾದ ವ್ಯಕ್ತಪಡಿಸಬೇಕಾಯಿತು.

ಹಾಗಿದ್ದರೂ, ಅಲ್ಲಿ ಆಪ್ತರೂ ಒಂದು ಬಗೆಯ ಪ್ರೇಕ್ಷಕರೇ ಆಗಿದ್ದರು. ದೊಡ್ಡವರು ಬೈದಾಗ ಹೂಂಗುಟ್ಟಿ, ಇನ್ನೊಂದು ಬೈಗುಳವನ್ನು ಮೇಲೆ ಸೇರಿಸುವ ಪರಿವಾರದ ಎದುರು ಮನುಷ್ಯ ತನಗಿರುವುದಕ್ಕಿಂತ ಹೆಚ್ಚಿನ ಗಡಸುತನ ತೋರುತ್ತಾನೆ. ಊರ ಜಗುಲಿಯಲ್ಲಿ ನಾಲ್ಕು ಜನರ ನಡುವೆ ಕುಳಿತು ಅಣ್ಣನ ಮೇಲೆ ಹರಿಹಾಯ್ದವನು ಮರುದಿನ ಅದೇ ಅಣ್ಣನ ಗದ್ದೆಗೆ ನೀರು ಬಿಡಲು ಹೋಗುವುದನ್ನು ಮಂಡ್ಯದ ಕಡೆಯವರಾದ ನೀವು ನೋಡಿರುತ್ತೀರಿ. ಟೇಪು ಸಾರುವುದು ಆ ಹೊತ್ತಿನಲ್ಲಿ ಏನು ಆಡಿದರು ಎಂಬುದನ್ನು. ಏನು ಮಾಡಿದರು ಎಂಬುದಕ್ಕೆ ಕಡತಗಳನ್ನೂ ಆದೇಶಗಳನ್ನೂ ಬೇರೆಯಾಗಿ ನೋಡಬೇಕು. ಮಾತೇ ಕೃತ್ಯವಾದ ಸಂದರ್ಭವೂ ಉಂಟೆನ್ನಿ: 1972ರ ಜೂನ್ 23ರ ಟೇಪಿನಲ್ಲಿ, ವಾಟರ್‌ಗೇಟ್ ಕಳ್ಳತನದ ಬಗ್ಗೆ ತನಿಖಾ ಸಂಸ್ಥೆ ಎಫ್‌ಬಿಐ ನಡೆಸುತ್ತಿದ್ದ ತನಿಖೆಯನ್ನು ಗುಪ್ತಚರ ಸಂಸ್ಥೆ ಸಿಐಎ ಮೂಲಕ ತಡೆಯುವ ಹಾಲ್ಡಮನ್ನರ ಸಲಹೆಗೆ ಅಧ್ಯಕ್ಷರು ಒಪ್ಪಿಗೆ ಕೊಟ್ಟದ್ದು ಕೇಳಿಸುತ್ತದೆ. 1974ರ ಆಗಸ್ಟ್ 5ರಂದು ಅದು ಹೊರಬಂತು. 9ರಂದು ಅವರು ಅಧಿಕಾರ ಬಿಟ್ಟರು.

ಪ್ರಶ್ನೆ: ನಿಕ್ಸನ್ ಟೇಪೊಂದರಲ್ಲಿ ಅಳಿಸಿಹೋದ ಭಾಗದಲ್ಲಿ ಏನಿತ್ತು?
– ಪದವಿ ವಿದ್ಯಾರ್ಥಿ, ಶ್ರೀರಂಗಪಟ್ಟಣ

ಉತ್ತರ: 1972ರ ಜೂನ್ 20ರ ಟೇಪಿನಲ್ಲಿ ಹದಿನೆಂಟೂವರೆ ನಿಮಿಷ ಬರೀ ಗುಂಯ್‌ಗುಟ್ಟುವ ಸದ್ದಿದೆ. ಫೋನಿಗೆ ಕೈಚಾಚಿದಾಗ ತಪ್ಪಿ ತಾನೇ ಐದು ನಿಮಿಷದಷ್ಟು ಅಳಿಸಿರಬಹುದೆಂದು ಕಾರ್ಯದರ್ಶಿ ರೋಸ್ ಮೇರಿ ವುಡ್ಸ್ ಹೇಳಿದರು. ಉಳಿದದ್ದನ್ನು ಯಾರು ಅಳಿಸಿದರು, ಅಲ್ಲಿ ಏನಿತ್ತು ಎಂಬುದಕ್ಕೆ ಉತ್ತರ ಸಿಕ್ಕಿಲ್ಲ.

ಪ್ರಶ್ನೆ: ಇದೂ ರಾಮಕೃಷ್ಣ ಹೆಗಡೆಯವರ ಕಾಲದ ಟೆಲಿಫೋನ್ ಕದ್ದಾಲಿಕೆಯೂ ಒಂದೇ ಅಲ್ಲವೇ?
– ವಕೀಲರು, ಮೈಸೂರು

ಉತ್ತರ: ಅಲ್ಲ. 1988ರಲ್ಲಿ ಹೆಗಡೆಯವರು ಮುಖ್ಯಮಂತ್ರಿ ಸ್ಥಾನ ಬಿಡಲು ಕಾರಣವಾದದ್ದು ಇತರರ ಫೋನುಗಳಿಗೆ ಕಿವಿಗೊಟ್ಟ ಆರೋಪ. ಅಂಥ ಕದ್ದಾಲಿಕೆಗೆ ಯಾವ ಕಟ್ಟುಪಾಡು ಇರಬೇಕೆಂದು ನಮ್ಮ ಸುಪ್ರೀಂ ಕೋರ್ಟ್ 1996ರಲ್ಲಿ ವಿಧಿಸಿದ್ದು ತಮಗೆ ಗೊತ್ತೇ ಇದೆ. ಶ್ವೇತಭವನದ ಟೇಪಿನಲ್ಲಿ ಮಾತನಾಡುವವರಲ್ಲಿ ಒಬ್ಬರು ಅದರ ಯಜಮಾನರೇ. ಆದರೂ ಎದುರು ಕುಳಿತವರಿಗೆ ಅದು ಕದ್ದಾಲಿಕೆಯಂತೆಯೇ ಆಯಿತು ಎಂದು ತಾವು ವಾದಿಸಿದರೆ ನಾನು ಪ್ರತಿವಾದ ಹೂಡುವುದಿಲ್ಲ.

ಪ್ರಶ್ನೆ: ಈ ಟೇಪುಗಳನ್ನು ಸಾಮಾನ್ಯರು ಕೇಳಬಹುದೇ?
– ಗೃಹಿಣಿ, ಕುವೆಂಪುನಗರ, ಮೈಸೂರು

ಉತ್ತರ: ಧಾರಾಳವಾಗಿ. ಕ್ಯಾಲಿಫೋರ್ನಿಯಾದ ಯೋರ್ಬಾ ಲಿಂಡಾದಲ್ಲಿರುವ ನಿಕ್ಸನ್ ಗ್ರಂಥಾಲಯದ ಈ ಸಂಗ್ರಹದಲ್ಲಿ ಬಹುಪಾಲು ಈಗ ಅಂತರ್ಜಾಲದಲ್ಲೇ ಸಿಗುತ್ತದೆ. ಮೊದಲು ಫೋನ್ ಕರೆಗಳನ್ನೇ ಆರಿಸಿಕೊಳ್ಳಿ, ಅವು ಸ್ಪಷ್ಟವಾಗಿವೆ. ಕೋಣೆಯ ಮಾತಿಗೆ ಇಯರ್‌ಫೋನ್ ಬೇಕೇ ಬೇಕು, ಏಕೆಂದರೆ ಮೈಕುಗಳು ಮೇಜಿನಲ್ಲಿದ್ದುದರಿಂದ ಯಾರಾದರೂ ಕಾಫಿ ಬಟ್ಟಲನ್ನು ಕೆಳಗಿಟ್ಟರೆ ಸಿಡಿಲು ಬಡಿದಂತಾಗಿ, ನೀವು ಕಾಯುತ್ತಿದ್ದ ಪದವೇ ಅದರಡಿಯಲ್ಲಿ ಮುಚ್ಚಿಹೋಗುತ್ತದೆ. ನಾನಂತೂ ಒಂದು ವಾಕ್ಯಕ್ಕಾಗಿ ಏಳು ಸಲ ಹಿಂದಕ್ಕೆ ಓಡಿಸಿ, ಕೊನೆಗೆ ಬಟ್ಟಲಿನ ಸದ್ದನ್ನಷ್ಟೇ ಬಾಯಿಪಾಠ ಮಾಡಿಕೊಂಡೆ.