ಯು-ಬೂಟ್‌ನಲ್ಲಿ 2048 ಅಂತ ಟೈಪ್ ಮಾಡಿದರೆ ಅದು 2048 ಅಲ್ಲ

ಯು-ಬೂಟ್ ಅಂದರೆ ಬೋರ್ಡ್ ಆನ್ ಆದಾಗ ಮೊದಲು ಓಡಿ ಲಿನಕ್ಸನ್ನು ಎಬ್ಬಿಸುವ ಬೂಟ್‌ಲೋಡರ್. ಅದರಲ್ಲಿ ಪಾರ್ಟಿಷನ್ ಪಟ್ಟಿ ಕೊಡುವ ‘ಎಂಎಂಸಿ ಪಾರ್ಟ್’ ಕಮಾಂಡ್ ತೋರಿಸಿದ ಸೆಕ್ಟರ್ (512 ಬೈಟ್‌ನ ತುಂಡು) ನಂಬರನ್ನೇ, ಡಿಸ್ಕ್‌ಗೆ ಬರೆಯುವ ‘ಎಂಎಂಸಿ ರೈಟ್’ಗೆ ಕೊಡಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಕೊಡಬೇಡಿ. ನಾನು ಕೊಟ್ಟಿದ್ದೆ, ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ಯಂತ್ರದ ಬೋರ್ಡ್ ಮೇಲೆ.

ಅದರ ಇಎಂಎಂಸಿಯಲ್ಲಿ (ಬೋರ್ಡ್ ಮೇಲೇ ಬೆಸೆದ ಸ್ಟೋರೇಜ್ ಚಿಪ್) ಎಂಬಿಆರ್ ಟೇಬಲ್, ಅಂದರೆ ಹಳೆಯ ಬಗೆಯ ಪಾರ್ಟಿಷನ್ ಪಟ್ಟಿ, ಇತ್ತು. ಮೊದಲ ಪಾರ್ಟಿಷನ್ 2048ರಿಂದ ಶುರು, 32768 ಸೆಕ್ಟರ್, ಅಂದರೆ 16 ಎಂಬಿ. ಬರೆಯಬೇಕಾದ ಇಮೇಜ್ ಫೈಲನ್ನು ರ‍್ಯಾಮ್‌ಗೆ ಲೋಡ್ ಮಾಡಿ, ಅದೇ ಎರಡು ನಂಬರ್ ಹಾಕಿ ಎಂಟರ್ ಒತ್ತಿದೆ. ಆದರೆ ಈ ಕಮಾಂಡ್ ನಂಬರನ್ನು ಹೆಕ್ಸ್ (16ರ ಆಧಾರದ ಎಣಿಕೆ) ಅಂತಲೇ ಓದುತ್ತದೆ, ಮುಂದೆ ಸೊನ್ನೆ-ಎಕ್ಸ್ ಹಾಕಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಹೆಕ್ಸ್ 2048 ನಮ್ಮ ಲೆಕ್ಕದಲ್ಲಿ 8264. ಹೆಕ್ಸ್ 32768 ಅಂದರೆ 206696. ಬ್ಲಾಕಿಗೆ 512 ಬೈಟ್‌ನಂತೆ ಸುಮಾರು 101 ಎಂಬಿ ಬರೆದುಬಿಟ್ಟಿತು. ಇಮೇಜ್ ಮುಗಿದ ಮೇಲೆ ರ‍್ಯಾಮ್‌ನಲ್ಲಿ ಬಿದ್ದಿದ್ದ ಕಸವೆಲ್ಲ 34816ರಲ್ಲಿ ಶುರುವಾಗುವ ಎರಡನೇ ಪಾರ್ಟಿಷನ್ ಮೇಲೆ ಹೋಯಿತು. ಕೊನೆಗೆ ಓಕೆ ಅಂತಲೇ ಬಂತು, ಏಕೆಂದರೆ ಕೇಳಿದಷ್ಟು ಬ್ಲಾಕ್ ಬರೆದಾಗಿತ್ತು.

ಎರಡನೆಯದು ಇಎಕ್ಸ್‌ಟಿ4, ಲಿನಕ್ಸ್‌ನ ಫೈಲ್‌ಸಿಸ್ಟಮ್. ಅದರ ಮೊದಲ 88 ಎಂಬಿ ಹಾಳು. 128 ಎಂಬಿ ಹತ್ತಿರದ ಬ್ಯಾಕಪ್ ಸೂಪರ್‌ಬ್ಲಾಕ್ (ಫೈಲ್‌ಸಿಸ್ಟಮ್‌ನ ಮೂಲ ವಿವರದ ಪ್ರತಿ) ಸಿಕ್ಕಿತು, ಆದರೆ ಇಎಕ್ಸ್‌ಟಿ4ನ ಫ್ಲೆಕ್ಸ್-ಬಿಜಿ ಅನ್ನುವ ಜೋಡಣೆ ಇರುವಾಗ ಮೊದಲ 16 ಗ್ರೂಪ್‌ಗಳ ಐನೋಡ್ ಟೇಬಲ್‌ಗಳೆಲ್ಲ, ಅಂದರೆ ಯಾವ ಫೈಲ್ ಎಲ್ಲಿದೆ ಅನ್ನುವ ಲೆಕ್ಕ, ಶುರುವಿನಲ್ಲೇ ಒಟ್ಟಿಗೆ ಇರುತ್ತವೆ. ಯಂತ್ರದ ಕ್ಯಾಲಿಬ್ರೇಷನ್ ಫೈಲ್ ವಾಪಸ್ ಬರಲೇ ಇಲ್ಲ.

ಎಡವಿದ್ದು ಯಾಕೆ ಅಂದರೆ, ಅಲ್ಲಿಯವರೆಗೆ ನಾನು ನೋಡಿದ್ದೆಲ್ಲ ಜಿಪಿಟಿ, ಅಂದರೆ ಹೊಸ ಬಗೆಯ ಪಾರ್ಟಿಷನ್ ಪಟ್ಟಿ ಇರುವ ಬೋರ್ಡ್‌ಗಳು. ಜಿಪಿಟಿ ಇದ್ದರೆ ‘ಎಂಎಂಸಿ ಪಾರ್ಟ್’ ಹೆಕ್ಸ್‌ನಲ್ಲೇ ತೋರಿಸುತ್ತದೆ, ಎಂಬಿಆರ್ ಇದ್ದರೆ ಡೆಸಿಮಲ್‌ನಲ್ಲಿ. ಬರೆಯುವಾಗ ‘ಬ್ಲಾಕ್ 8264, ಕೌಂಟ್ 206696’ ಅಂತ ಡೆಸಿಮಲ್‌ನಲ್ಲಿ ತೋರಿಸುವುದೇನೋ ನಿಜ, ಆದರೆ ನಮ್ಮ ಉತ್ತರಕ್ಕೆ ಕಾಯುವುದಿಲ್ಲ. ಅದಕ್ಕೇ ಮೊದಲು ಅದೇ ನಂಬರ್‌ಗಳಿಗೆ ‘ಎಂಎಂಸಿ ರೀಡ್’ ಕೊಡಿ, ಇಮೇಜ್ ಇಲ್ಲದ ಬೇರೆ ರ‍್ಯಾಮ್ ವಿಳಾಸಕ್ಕೆ. ಅದೂ ಡೆಸಿಮಲ್‌ನಲ್ಲಿ ಹೇಳುತ್ತದೆ, ಡಿಸ್ಕ್‌ಗೆ ಏನೂ ಬರೆಯುವುದಿಲ್ಲ.

ಕೈಯಲ್ಲಿ ನಂಬರ್ ಟೈಪ್ ಮಾಡುವ ಅಭ್ಯಾಸವನ್ನೇ ಬಿಡಿ. ‘ಪಾರ್ಟ್ ಸ್ಟಾರ್ಟ್ ಎಂಎಂಸಿ 0 1 ಶುರು’ ಅಂದರೆ ಶುರುವಿನ ಸೆಕ್ಟರ್ ‘ಶುರು’ ಅನ್ನುವ ವೇರಿಯೇಬಲ್‌ಗೆ ಹೆಕ್ಸ್‌ನಲ್ಲೇ ಬರುತ್ತದೆ. ಫೈಲನ್ನು ರ‍್ಯಾಮ್‌ಗೆ ತರುವ ‘ಫ್ಯಾಟ್‌ಲೋಡ್’ ಆದ ಮೇಲೆ ‘ಫೈಲ್‌ಸೈಜ್’ನಲ್ಲಿ ಬೈಟ್‌ಗಳು ಹೆಕ್ಸ್‌ನಲ್ಲಿರುತ್ತವೆ. ಲೆಕ್ಕ ಮಾಡುವ ‘ಸೆಟ್‌ಎಕ್ಸ್‌ಪ್ರ್’ (setexpr) ಕಮಾಂಡಿನಿಂದ ಅದಕ್ಕೆ ಹೆಕ್ಸ್ 1ಎಫ್‌ಎಫ್ (511) ಕೂಡಿಸಿ ಹೆಕ್ಸ್ 200ರಿಂದ (512) ಭಾಗಿಸಿ, ಬ್ಲಾಕ್ ಲೆಕ್ಕ ಸಿಗುತ್ತದೆ. ಕೂಡಿಸದೆ ಭಾಗಿಸಿದರೆ ಪೂರ್ತಿ ತುಂಬದ ಕೊನೆಯ ಬ್ಲಾಕ್ ಬಿಟ್ಟುಹೋಗುತ್ತದೆ.

ಇಷ್ಟಾದರೂ, ಫೈಲ್‌ಸಿಸ್ಟಮ್ ಪಾರ್ಟಿಷನ್‌ಗೆ ‘ಎಂಎಂಸಿ ರೈಟ್’ ಯಾಕೆ ಬೇಕು? ನನ್ನ ಪ್ರಕಾರ ಅದು ಬೂಟ್‌ಲೋಡರ್ ಬರೆಯುವುದಕ್ಕೆ ಮಾತ್ರ. ‘ಎಂಎಂಸಿ ಡೆವ್ 0 1’ ಕೊಟ್ಟು ಬೂಟ್0ಗೆ (ಬೂಟ್‌ಲೋಡರ್‌ಗೆಂದೇ ಇಎಂಎಂಸಿಯಲ್ಲಿರುವ ಪ್ರತ್ಯೇಕ ಭಾಗ) ಬರೆದರೆ, ಮುಗಿದ ತಕ್ಷಣ ‘ಎಂಎಂಸಿ ಡೆವ್ 0 0’ ಕೊಡಿ, ಇಲ್ಲದಿದ್ದರೆ ಮುಂದಿನ ರೈಟ್ ಕೂಡ ಅಲ್ಲಿಗೇ ಹೋಗುತ್ತದೆ. ಉಳಿದದ್ದಕ್ಕೆ ‘ಯುಎಂಎಸ್ 0 ಎಂಎಂಸಿ 0’. ಬೋರ್ಡ್‌ನಲ್ಲಿ ಓಟಿಜಿ ಪೋರ್ಟ್ (ಬೋರ್ಡನ್ನೇ ಯುಎಸ್‌ಬಿ ಸಾಧನದಂತೆ ಜೋಡಿಸಬಲ್ಲ ಪೋರ್ಟ್) ಇದ್ದು ಯು-ಬೂಟ್‌ನಲ್ಲಿ ಆ ಕಮಾಂಡ್ ಇದ್ದರೆ, ಬೂಟ್ ಭಾಗಗಳನ್ನು ಬಿಟ್ಟು ಉಳಿದ ಇಎಂಎಂಸಿ ಲ್ಯಾಪ್‌ಟಾಪ್‌ಗೆ ಪೆನ್‌ಡ್ರೈವ್‌ನಂತೆ ಕಾಣುತ್ತದೆ. ಮೊದಲು ಪೂರ್ತಿ ಕಾಪಿ ಇಳಿಸಿಕೊಳ್ಳಿ, ಆಮೇಲೆ ಬರೆಯಿರಿ. ಕೇಬಲ್ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತದೆ, ಡೇಟಾ ಹೋಗುವುದನ್ನೇ ಕೇಳಿ ತಗೊಳ್ಳಿ, ಬರೀ ಚಾರ್ಜಿಂಗ್‌ನದು ಕೆಲಸಕ್ಕೆ ಬಾರದು.